ಗೋದಾವರಿ ಪರದೇಶಕ್ಕೆ ಹರಿದ 399 ದಿನ

ತ್ರ್ಯಂಬಕೇಶ್ವರಕ್ಕೆ ಹೋದ ಕನ್ನಡದ ಯಾತ್ರಿಕರು ಮೊದಲು ಕುಶಾವರ್ತದಲ್ಲಿ ಮಿಂದು, ಆಮೇಲೆ ಜ್ಯೋತಿರ್ಲಿಂಗದ ದರ್ಶನಕ್ಕೆ ಸಾಲಿನಲ್ಲಿ ನಿಲ್ಲುತ್ತಾರೆ. ಊರಿನ ಬೆನ್ನಿಗೆ ನಿಂತ ಬ್ರಹ್ಮಗಿರಿಯಲ್ಲಿ ಜಿನುಗುವ ನೀರೇ ಗೋದಾವರಿ. ಇಲ್ಲಿ ಬೊಗಸೆಗೆ ಸಿಗುವಷ್ಟಿರುವ ನೀರು ಮುಂದೆ 1,465 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಕನ್ನಡಿಗರಿಗೆ ಈ ನದಿ ತೀರ್ಥವೂ ಹೌದು, ನೆನಪೂ ಹೌದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಎಲ್ಲೆಯೆಂದು ಹೆಸರಿಸಿದ್ದು ಇದನ್ನೇ.

1947ರ ಆಗಸ್ಟ್ 15ರಂದು ಅದೇ ನದಿ ಇನ್ನೊಂದು ಬಗೆಯ ಎಲ್ಲೆಯಾಯಿತು. ನಾಸಿಕ್ ಜಿಲ್ಲೆ ಬಿಟ್ಟ ಮೇಲೆ ಗೋದಾವರಿಯ ಬಲದಂಡೆಯಲ್ಲಿ ಅಹಮದ್‌ನಗರ ಜಿಲ್ಲೆ, ಎಡದಂಡೆಯಲ್ಲಿ ಔರಂಗಾಬಾದ್ ಜಿಲ್ಲೆ. ಬಲದಂಡೆಯ ಊರುಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಲ್ಲಿ ಆ ದಿನ ತ್ರಿವರ್ಣ ಧ್ವಜ ಏರಿತು. ಎಡದಂಡೆ ಹೈದರಾಬಾದಿನ ನಿಜಾಮರದು; ಅಲ್ಲಿ ಆ ಧ್ವಜ ಏರಿಸಿದವರು ಜೈಲಿಗೆ ಹೋದರು. ಪ್ರವರಾ ನದಿ ಬಂದು ಸೇರುವಲ್ಲಿ ಟೋಕಾ ಮತ್ತು ಕಾಯಗಾಂವ್ ಎದುರುಬದುರು ಇವೆ. ಒಂದು ದಡದಲ್ಲಿ ಬಟ್ಟೆ ಒಗೆಯುವ ಸದ್ದು ಇನ್ನೊಂದು ದಡಕ್ಕೆ ಕೇಳುವಷ್ಟು ಹತ್ತಿರ. ಆ ಬೆಳಗ್ಗೆ ಒಂದು ದಡ ಸ್ವತಂತ್ರ ಭಾರತದಲ್ಲಿತ್ತು, ಇನ್ನೊಂದು ದಡ ‘ಸ್ವತಂತ್ರ ಹೈದರಾಬಾದ್’ನಲ್ಲಿ.

ಈ ಎರಡನೆಯ ದೇಶ ಬಾಳಿದ್ದು 1948ರ ಸೆಪ್ಟೆಂಬರ್ 17ರವರೆಗೆ, ಎಣಿಸಿದರೆ 399 ದಿನ. ಜಗತ್ತಿನ ಯಾವ ರಾಷ್ಟ್ರವೂ ಅದನ್ನು ಮಾನ್ಯ ಮಾಡಲಿಲ್ಲ. ಆದರೂ ಅಲ್ಲಿ ಬದುಕಿದವರಿಗೆ ಅದು ನಿಜವಾದ ದೇಶವೇ ಆಗಿತ್ತು. ನಾಕಾ ದಾಟದೆ ಮಗಳ ಮನೆಗೆ ಹೋಗುವಂತಿರಲಿಲ್ಲ, ಹಣ ಬದಲಿಸದೆ ಸಂತೆ ಮಾಡುವಂತಿರಲಿಲ್ಲ. ಇಂದಿನ ಕಲಬುರಗಿ, ಬೀದರ್, ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳ ಹಿರಿಯರು ‘ರಜಾಕಾರರ ಹಾವಳಿ’ ಎಂದು ಕರೆಯುವುದು ಈ ಕಾಲವನ್ನೇ. ಇಂದು ಛತ್ರಪತಿ ಸಂಭಾಜಿನಗರವೆಂದು ಕರೆಯುವ ಔರಂಗಾಬಾದಿನವರಿಗೂ ಅದೇ ನೆನಪು. ಎರಡೂ ಕಡೆಯವರು ಆ ಸೀಮೆಗೆ ಇಟ್ಟ ಹೆಸರೂ ಒಂದೇ: ಮೊಗಲಾಯಿ.

ಕಾನೂನಿನ ಮಾತು ಸರಳವಾಗಿತ್ತು. ಬ್ರಿಟಿಷರು ಹೊರಡುವಾಗ ಸಂಸ್ಥಾನಗಳ ಮೇಲಿನ ತಮ್ಮ ಸಾರ್ವಭೌಮ ಅಧಿಕಾರವನ್ನು ಯಾರಿಗೂ ವಹಿಸಿಕೊಡಲಿಲ್ಲ. ಅದು ಇಲ್ಲವಾಯಿತು ಎಂದರು. ಐನೂರಕ್ಕೂ ಹೆಚ್ಚು ಸಂಸ್ಥಾನಗಳಲ್ಲಿ ಬಹುತೇಕ ಎಲ್ಲವೂ ಆಗಸ್ಟ್ 15ರೊಳಗೆ ಭಾರತಕ್ಕೋ ಪಾಕಿಸ್ತಾನಕ್ಕೋ ಸೇರಿದವು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಮಾತ್ರ ಜೂನ್‌ನಲ್ಲೇ ಫರ್ಮಾನು ಹೊರಡಿಸಿ, ತಾನು ಎರಡನ್ನೂ ಸೇರುವುದಿಲ್ಲ, ಬ್ರಿಟಿಷರು ಹೋದ ದಿನದಿಂದ ತಾನೇ ಸ್ವತಂತ್ರ ದೊರೆ ಎಂದು ಸಾರಿದ್ದ. ಅವನ ರಾಜ್ಯ ಸುಮಾರು 82,700 ಚದರ ಮೈಲಿಯಷ್ಟಿತ್ತು; ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಕೂಡಿದರೂ ಅದಕ್ಕಿಂತ ತುಸು ಕಡಿಮೆ. 1941ರ ಜನಗಣತಿಯಲ್ಲಿ ಜನಸಂಖ್ಯೆ 1 ಕೋಟಿ 63 ಲಕ್ಷ. ಸುಮಾರು ಅರ್ಧದಷ್ಟು ಜನ ತೆಲುಗರು, ಕಾಲು ಭಾಗ ಮರಾಠಿಗರು, ಹತ್ತರಲ್ಲೊಬ್ಬರು ಕನ್ನಡಿಗರು. ಕಚೇರಿ, ಕೋರ್ಟು, ಕಾಲೇಜುಗಳ ಭಾಷೆ ಮಾತ್ರ ಉರ್ದು.

ದೇಶವೊಂದಕ್ಕೆ ಬೇಕಾದ ಬಹಳಷ್ಟು ಈ ರಾಜ್ಯಕ್ಕೆ ಮೊದಲೇ ಇತ್ತು. ಸ್ವಂತ ಅಂಚೆಚೀಟಿ, ಸ್ವಂತ ರೈಲ್ವೆ, 22,000ದಷ್ಟು ಸೈನಿಕರ ದಂಡು, ಡೆಕ್ಕನ್ ಏರ್‌ವೇಸ್ ಎಂಬ ವಿಮಾನ ಸಂಸ್ಥೆ, ಹೈದರಾಬಾದ್ ಮತ್ತು ಔರಂಗಾಬಾದಿನಲ್ಲಿ ರೇಡಿಯೊ ನಿಲಯಗಳು. ಸರಕಿನ ಮೇಲೆ ಸುಂಕ ಎತ್ತಲು ‘ಕರೋಡಗಿರಿ’ ಎಂಬ ಇಲಾಖೆ. ಅದರ ನಾಕಾಗಳು ಸರಹದ್ದಿನುದ್ದಕ್ಕೂ ಇದ್ದವು. ಇಲ್ಲದ್ದು ಕಡಲು. ನಾಲ್ಕೂ ಕಡೆ ನೆಲವೇ ಸುತ್ತುವರಿದ ಈ ರಾಜ್ಯ ಪೋರ್ಚುಗೀಸರ ಗೋವಾದಲ್ಲಿ ಬಂದರು ಪಡೆಯುವ ಯೋಚನೆಯನ್ನೂ ಮಾಡಿತ್ತು.

ನಾಣ್ಯದ ಕತೆ ಎಲ್ಲಕ್ಕಿಂತ ಹೇಳುವಂಥದ್ದು. ತ್ರ್ಯಂಬಕದಿಂದ ಗೋದಾವರಿ ಇಳಿದು ಬರುವ ನಾಸಿಕದಲ್ಲಿ, ನಾಸಿಕ್ ರೋಡಿನ ಮುದ್ರಣಾಲಯದಲ್ಲಿ, 1928ರಿಂದ ಭಾರತದ ನೋಟುಗಳು ಅಚ್ಚಾಗುತ್ತಿದ್ದವು. ಅಲ್ಲಿಂದ ಪೂರ್ವಕ್ಕೆ ಒಂದು ದಿನದ ಪ್ರಯಾಣ ಮಾಡಿದರೆ ನಿಜಾಮರ ‘ಹಾಲಿ ಸಿಕ್ಕಾ’ ಚಲಾವಣೆಯಲ್ಲಿತ್ತು. ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿ, ಹೆಚ್ಚುಕಡಿಮೆ ಅದೇ ದರ. ಇಷ್ಟು ದಿನ ಸಂತೆಯಲ್ಲಿ ಎರಡೂ ಹಣ ಓಡಾಡುತ್ತಿದ್ದವು. ಸ್ವತಂತ್ರನಾದೆನೆಂದ ನಿಜಾಮನ ಸರಕಾರ ಸುಗ್ರೀವಾಜ್ಞೆ ತಂದು ಭಾರತದ ಹಣ ತನ್ನ ರಾಜ್ಯದಲ್ಲಿ ನಡೆಯದು ಎಂದಿತು. ಚಿನ್ನ ಬೆಳ್ಳಿಯನ್ನು ಭಾರತಕ್ಕೆ ಒಯ್ಯುವುದನ್ನೂ ತಡೆಯಿತು. ಪೇಟೆಯ ವರ್ತಕನಿಗೂ ಎತ್ತಿನ ಗಾಡಿಯ ರೈತನಿಗೂ ಎರಡು ದೇಶಗಳ ಬಿಸಿ ತಟ್ಟಿದ್ದು ಹೀಗೆ.

ದೇವರೂ ಹಂಚಿಹೋಗಿದ್ದರು ಎನ್ನಬೇಕು. ಮಹಾರಾಷ್ಟ್ರದವರು ತಮ್ಮ ನೆಲದಲ್ಲಿ ಐದು ಜ್ಯೋತಿರ್ಲಿಂಗಗಳನ್ನು ಎಣಿಸುತ್ತಾರೆ. ತ್ರ್ಯಂಬಕೇಶ್ವರ ಮತ್ತು ಭೀಮಾಶಂಕರ ಭಾರತದ ಕಡೆ ಉಳಿದವು. ವೇರೂಳಿನ ಘೃಷ್ಣೇಶ್ವರ, ಔಂಢಾ ನಾಗನಾಥ, ಪರಳಿ ವೈಜನಾಥ ನಿಜಾಮರ ಕಡೆ. ಪೈಠಣದ ಏಕನಾಥ ಮಹಾರಾಜರ ಪಾಲಖಿ ಆಷಾಢದಲ್ಲಿ ಪಂಢರಪುರಕ್ಕೆ ಹೋಗುವ ಹಾದಿಯೂ ಈ ಗಡಿಯನ್ನು ದಾಟಿಯೇ ಹೋಗುತ್ತದೆ. ಘೃಷ್ಣೇಶ್ವರದ ಪಕ್ಕದ ಎಲ್ಲೋರದಲ್ಲಿ ಒಂದೇ ಬಂಡೆಯನ್ನು ಮೇಲಿನಿಂದ ಕೊರೆದು ಕೈಲಾಸ ದೇವಾಲಯ ಮಾಡಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಮುಂದೆ ಆ ವಂಶದ ರಾಜಧಾನಿಯಾದ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಎಲ್ಲೋರವೂ ಮಳಖೇಡವೂ 1948ರಲ್ಲಿ ಒಂದೇ ದೊರೆಯ ಕೆಳಗಿದ್ದವು. ಅಜಂತೆ ಎಲ್ಲೋರಗಳನ್ನು ನಿಜಾಮನ ಪುರಾತತ್ವ ಇಲಾಖೆ ಚೆನ್ನಾಗಿಯೇ ಕಾಪಾಡಿತ್ತು. ಇಟಲಿಯಿಂದ ತಜ್ಞರನ್ನು ಕರೆಸಿ ಅಜಂತೆಯ ಚಿತ್ರಗಳನ್ನು ಸಂರಕ್ಷಿಸಿತ್ತು. ಆ ಆಳ್ವಿಕೆಯ ಲೆಕ್ಕ ಬರೆಯುವಾಗ ಇದನ್ನೂ ಬರೆಯಬೇಕು.

ನಾಸಿಕ್ ಜಿಲ್ಲೆಯ ಮನಮಾಡ ಆ ವರ್ಷ ನಿಜಾಮ ರಾಜ್ಯದ ಮರಾಠಿ ಸೀಮೆಯಾದ ಮರಾಠವಾಡದ ಪಾಲಿಗೆ ಹೊರಬಾಗಿಲಾಯಿತು. ಮುಂಬಯಿಯ ದೊಡ್ಡ ರೈಲುಹಾದಿಗೆ ನಿಜಾಮರ ಮೀಟರ್‌ಗೇಜ್ ಹಾದಿ ಬಂದು ಕೂಡುತ್ತಿದ್ದ ಜಂಕ್ಷನ್ ಅದು. ಅಲ್ಲಿಂದ ಔರಂಗಾಬಾದಿಗೆ ಸುಮಾರು 110 ಕಿಲೋಮೀಟರ್. ಭಾರತ ಸೇರಲು ಹೋರಾಡುತ್ತಿದ್ದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮರಾಠವಾಡ ವಿಭಾಗ ತನ್ನ ಕಚೇರಿಯನ್ನು ಮನಮಾಡಕ್ಕೆ ತಂದಿತು. ಔರಂಗಾಬಾದಿನಲ್ಲಿ ಮೇಷ್ಟ್ರಾಗಿದ್ದ ಗೋವಿಂದಭಾಯಿ ಶ್ರಾಫ್ ಅಲ್ಲಿ ಕೂತು ಕೆಲಸ ನಡೆಸಿದರು. ಕನ್ನಡ ವಿಭಾಗ ಅದೇ ರೀತಿ ಗದಗಿಗೆ ಬಂತು. ಸರಹದ್ದಿನ ಹೊರಗೆ, ಭಾರತದ ನೆಲದಲ್ಲಿ, ಶಿಬಿರಗಳು ಎದ್ದವು. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂಡರಗಿ ಶಿಬಿರ, ಪುಂಡಲೀಕಪ್ಪ ಜ್ಞಾನಮೋಠೆಯವರ ಗಜೇಂದ್ರಗಡ ಶಿಬಿರ ಕನ್ನಡಿಗರಿಗೆ ಗೊತ್ತಿರುವ ಹೆಸರುಗಳು. ಅಲ್ಲಿಂದ ಹುಡುಗರು ಒಳನುಗ್ಗಿ ಕರೋಡಗಿರಿ ನಾಕಾಗಳ ಮೇಲೆ ದಾಳಿ ಮಾಡಿ ಬರುತ್ತಿದ್ದರು. ಗಾಂಧೀಜಿಯ ಹತ್ಯೆಯಾದ 1948ರ ಜನವರಿ 30ರಂದೇ ನಾಂದೇಡ ಜಿಲ್ಲೆಯ ಉಮರಿಯಲ್ಲಿ ಹೋರಾಟಗಾರರು ಹೈದರಾಬಾದ್ ಸ್ಟೇಟ್ ಬ್ಯಾಂಕಿನ ಶಾಖೆಯನ್ನು ಲೂಟಿ ಮಾಡಿ ಆ ಹಣವನ್ನು ಚಳವಳಿಗೆ ತಂದರು. ತೆಲಂಗಾಣದಲ್ಲಿ ಕಮ್ಯುನಿಸ್ಟರ ಸಶಸ್ತ್ರ ರೈತ ಹೋರಾಟ ಬೇರೆಯೇ ದಾರಿಯಲ್ಲಿ ಸಾಗಿತ್ತು.

ಮರಾಠಿ, ಕನ್ನಡ, ತೆಲುಗು ಮೂರನ್ನೂ ಒಂದು ಮಾಡಿ ಹಿಡಿದವರು ಒಬ್ಬ ಸನ್ಯಾಸಿ. ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ 1903ರ ಅಕ್ಟೋಬರ್ 3ರಂದು ಹುಟ್ಟಿದ ವೆಂಕಟೇಶ ಖೇಡಗೀಕರ್, ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಬಳಿ ದುಡಿದು, ಆಮೇಲೆ ಹಿಪ್ಪರಗಾದ ರಾಷ್ಟ್ರೀಯ ಶಾಲೆಗೆ ಬಂದು ಮೇಷ್ಟ್ರಾದರು. 1932ರಲ್ಲಿ ಸನ್ಯಾಸ ತೆಗೆದುಕೊಂಡು ಸ್ವಾಮಿ ರಾಮಾನಂದ ತೀರ್ಥರಾದರು. ಸ್ಟೇಟ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಅವರು 1947ರ ಆಗಸ್ಟ್ 7ರಂದು ಭಾರತ ಸೇರುವ ಬೇಡಿಕೆಯ ಸತ್ಯಾಗ್ರಹ ಆರಂಭಿಸಿದರು. ಆಗಸ್ಟ್ 15ರಂದೇ ಬಂಧನಕ್ಕೊಳಗಾದರು. ನಡುವೆ ಸ್ವಲ್ಪ ದಿನ ಬಿಡುಗಡೆಯಾಗಿ, ಮತ್ತೆ ಹಿಡಿಯಲ್ಪಟ್ಟು, ಆ ದೇಶದ ಆಯುಷ್ಯದ ಬಹುಭಾಗವನ್ನು ಅದರ ಜೈಲಿನಲ್ಲೇ ಕಳೆದರು.

ಮಾತುಕತೆಯೂ ನಡೆದೇ ಇತ್ತು. ಅಕ್ಟೋಬರ್ 27ರಂದು ದೆಹಲಿಗೆ ಹೊರಟಿದ್ದ ನಿಜಾಮನ ನಿಯೋಗದ ಮನೆಗಳನ್ನು ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ಜನ ಸುತ್ತುವರಿದು ತಡೆದರು. ದಿವಾನ ಛತಾರಿ ನವಾಬರು ರಾಜೀನಾಮೆ ಕೊಟ್ಟರು. ರಾಜ್ಯದ ಲಗಾಮು ಯಾರ ಕೈಗೆ ಹೋಯಿತೆಂದು ಎಲ್ಲರಿಗೂ ಅಂದೇ ತಿಳಿಯಿತು. ಮಜ್ಲಿಸ್‌ನ ಅಧ್ಯಕ್ಷ ಲಾತೂರಿನ ವಕೀಲ ಕಾಸಿಂ ರಜ್ವಿ. ಅವನು ಬೆಳೆಸಿದ ಖಾಸಗಿ ಪಡೆಯೇ ರಜಾಕಾರರು. ನವೆಂಬರ್ 29ರಂದು ಭಾರತ ಮತ್ತು ಹೈದರಾಬಾದ್ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿಯಾಯಿತು. ಹೊಸ ಪ್ರಧಾನಿ ಲಾಯಕ್ ಅಲಿಯ ಸರಕಾರ ಒಂದು ಕಡೆ ಆ ಒಪ್ಪಂದವನ್ನು ಹಿಡಿದುಕೊಂಡು, ಇನ್ನೊಂದು ಕಡೆ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿಯ ಸಾಲ ಕೊಟ್ಟಿತು. ಭಾರತದ ಪ್ರತಿನಿಧಿಯಾಗಿ ಹೋದ ಕನ್ಹಯ್ಯಲಾಲ್ ಮುನ್ಶಿಯವರ ದೂರು ಒಂದೆಡೆ, ಭಾರತ ತನಗೆ ಸರಕು ಬರದಂತೆ ಗಡಿ ಬಿಗಿದಿದೆ ಎಂಬ ಹೈದರಾಬಾದಿನ ದೂರು ಇನ್ನೊಂದೆಡೆ.

ಹಳ್ಳಿಗಳಲ್ಲಿ ಆದದ್ದು ದೂರುಗಳ ಭಾಷೆಗೆ ಸಿಗುವಂಥದ್ದಲ್ಲ. ಇಂದಿನ ಬಸವಕಲ್ಯಾಣದ ಬಳಿಯ ಗೋರಟಾ ಗ್ರಾಮದಲ್ಲಿ 1948ರ ಮೇ 9ರಂದು ರಜಾಕಾರರು ನಡೆಸಿದ ಕೊಲೆಯಲ್ಲಿ ಇನ್ನೂರರಷ್ಟು ಜನ ಸತ್ತರೆಂದು ಊರವರು ಹೇಳುತ್ತಾರೆ. ಅದಾದ ಎರಡು ವಾರದೊಳಗೆ, ಮೇ 22ರಂದು, ಕಲಬುರಗಿ ಜಿಲ್ಲೆಯ ಗಾಣಗಾಪುರ ನಿಲ್ದಾಣದಲ್ಲಿ ಮದ್ರಾಸ್–ಮುಂಬಯಿ ರೈಲಿನ ಮೇಲೆ ದಾಳಿಯಾಯಿತು. ಮನೆ ಬೀಗ ಹಾಕಿ, ಎಮ್ಮೆ ಹೋರಿಗಳನ್ನು ಯಾರಿಗೋ ಒಪ್ಪಿಸಿ, ರಾತ್ರೋರಾತ್ರಿ ಸೊಲ್ಲಾಪುರಕ್ಕೋ ಗದಗಿಗೋ ಮನಮಾಡಕ್ಕೋ ಬಂದು ಬಿದ್ದ ಕುಟುಂಬಗಳಿಗೆ ಲೆಕ್ಕವಿಲ್ಲ. ಉತ್ತರ ಕರ್ನಾಟಕದ ಎಷ್ಟೋ ಮನೆತನಗಳು ಇವತ್ತಿಗೂ ತಾವು ‘ಹಾವಳಿಯೊಳಗ ಬಂದವರು’ ಎಂದೇ ತಮ್ಮ ಕತೆ ಶುರು ಮಾಡುತ್ತವೆ.

ಈ ಕತೆಯನ್ನು ಹಿಂದೂ–ಮುಸ್ಲಿಂ ಜಗಳವೆಂದಷ್ಟೇ ಹೇಳುವವರು ಶೋಯೆಬುಲ್ಲಾ ಖಾನರನ್ನು ಮರೆಯುತ್ತಾರೆ. ಅವರು ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ. ಹೈದರಾಬಾದು ಭಾರತಕ್ಕೆ ಸೇರಬೇಕು, ರಜಾಕಾರರ ದೌರ್ಜನ್ಯ ನಿಲ್ಲಬೇಕು ಎಂದು ನಿಜಾಮನ ರಾಜಧಾನಿಯಲ್ಲೇ ಕೂತು ಬರೆದರು. 1948ರ ಆಗಸ್ಟ್ 21ರ ರಾತ್ರಿ ಕಚೇರಿಯಿಂದ ಮನೆಗೆ ಹೋಗುವಾಗ ಅವರ ಮೇಲೆ ಗುಂಡು ಹಾರಿಸಿ, ಕೈ ಕತ್ತರಿಸಿದರು. ಬೆಳಗಾಗುವ ಹೊತ್ತಿಗೆ ಅವರು ಇರಲಿಲ್ಲ. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ಆ ವರ್ಷದ ಅತ್ಯಂತ ಧೈರ್ಯಶಾಲಿ ಯಾರು ಎಂದು ಕೇಳಿದರೆ ಈ ಲೇಖನ ಹೇಳುವ ಹೆಸರು ಅವರದೇ.

ಅಂಬೇಡ್ಕರರ ಮಾತೂ ಇಲ್ಲಿ ಮುಖ್ಯ. ನಾಸಿಕದ ಕಾಳಾರಾಮ ಮಂದಿರದ ಮುಂದೆ 1930ರಲ್ಲಿ ಸತ್ಯಾಗ್ರಹ ನಡೆಸಿದ್ದ ಅವರು, 1947ರ ನವೆಂಬರ್‌ನಲ್ಲಿ ಹೇಳಿಕೆ ಕೊಟ್ಟು, ಹೈದರಾಬಾದಿನ ದಲಿತರು ನಿಜಾಮನ ಪಕ್ಷ ಹಿಡಿಯಬಾರದು ಎಂದು ಕೇಳಿಕೊಂಡರು. ಮೂರು ವರ್ಷಗಳೊಳಗೆ ಅದೇ ಔರಂಗಾಬಾದಿನಲ್ಲಿ ಅವರ ಸಂಸ್ಥೆ ತೆರೆದ ಕಾಲೇಜು ಮುಂದೆ ಮಿಲಿಂದ ಮಹಾವಿದ್ಯಾಲಯವೆಂದು ಹೆಸರಾಯಿತು.

ಬೇಸಿಗೆ ಕಳೆಯುವಷ್ಟರಲ್ಲಿ ಎರಡೂ ಕಡೆ ಯುದ್ಧದ ಸಿದ್ಧತೆ ಕಾಣತೊಡಗಿತು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನಿ ಕರಾಚಿಯಿಂದ ರಾತ್ರಿ ಹೊತ್ತು ಹಾರಿ ಬೀದರ್ ಮತ್ತು ವರಂಗಲ್ಲಿನ ವಿಮಾನನೆಲೆಗಳಲ್ಲಿ ಬಂದೂಕು, ಮದ್ದುಗುಂಡು ಇಳಿಸುತ್ತಿದ್ದ. ಬಹಮನಿ ಸುಲ್ತಾನರ ಕೋಟೆಯ ಊರು ಆ ತಿಂಗಳುಗಳಲ್ಲಿ ಕಳ್ಳ ಶಸ್ತ್ರಗಳ ಊರಾಗಿತ್ತು. ಆಗಸ್ಟ್ 21ರಂದು ಹೈದರಾಬಾದ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಸಲ್ಲಿಸಿತು. ಪ್ಯಾರಿಸ್ಸಿನಲ್ಲಿ ಮಂಡಳಿ ಅದನ್ನು ಕೈಗೆತ್ತಿಕೊಂಡಿದ್ದು ಸೆಪ್ಟೆಂಬರ್ 16ರಂದು. ಭಾರತದ ಪರ ವಾದಿಸಿದವರು ಆಗ ಮೈಸೂರಿನ ದಿವಾನರಾಗಿದ್ದ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್. ಅಲ್ಲಿ ಮಾತು ಶುರುವಾಗುವ ಹೊತ್ತಿಗೆ ಇಲ್ಲಿ ಕೆಲಸ ಮುಗಿಯುತ್ತ ಬಂದಿತ್ತು.

ಸೆಪ್ಟೆಂಬರ್ 13ರ ನಸುಕಿನಲ್ಲಿ ಭಾರತದ ಸೇನೆ ಗಡಿ ದಾಟಿತು. ‘ಆಪರೇಷನ್ ಪೋಲೋ’ ಸೇನೆಯ ಒಳಹೆಸರು. ಸರಕಾರ ಅದನ್ನು ‘ಪೊಲೀಸ್ ಕಾರ್ಯಾಚರಣೆ’ ಎಂದಿತು. ಮುಖ್ಯ ಪಡೆ ಮೇಜರ್ ಜನರಲ್ ಜೆ.ಎನ್. ಚೌಧುರಿ ನೇತೃತ್ವದಲ್ಲಿ ಸೊಲ್ಲಾಪುರದಿಂದ ಹೊರಟು ಮೊದಲ ದಿನವೇ ನಳದುರ್ಗ ಹಿಡಿಯಿತು. ಹೊಸಪೇಟೆಯ ಕಡೆಯಿಂದ ಬಂದವರು ತುಂಗಭದ್ರೆಯ ಸೇತುವೆಯನ್ನು ವಶಪಡಿಸಿಕೊಂಡರು. ಪಶ್ಚಿಮದಿಂದ ಮೇಜರ್ ಜನರಲ್ ಡಿ.ಎಸ್. ಬ್ರಾರ್ ಪಡೆ ಔರಂಗಾಬಾದಿನ ಮೇಲೆ ಹಲವು ದಿಕ್ಕಿನಿಂದ ಬಂತು. 14ರ ಮಧ್ಯಾಹ್ನ ಊರಿನ ಅಧಿಕಾರಿಗಳು ಹೊರಬಂದು ಶರಣಾದರು. ಜಾಲನಾದಲ್ಲಿ ಕಾದಾಟ ನಡೆಯಿತು. 17ರ ಬೆಳಗಿನ ಜಾವ ಬೀದರ್ ಕೈಗೆ ಬಂತು. ಅಂದೇ ಸಂಜೆ ನಿಜಾಮ ಕದನ ನಿಲ್ಲಿಸಲು ಆಜ್ಞೆ ಕೊಟ್ಟ. ಮರುದಿನ ಅವನ ಸೇನಾಪತಿ ಎಲ್ ಎದ್ರೂಸ್ ಚೌಧುರಿಯವರ ಮುಂದೆ ಶರಣಾದರು. ಅದರ ಮರುದಿನ ಕಾಸಿಂ ರಜ್ವಿಯ ಬಂಧನ.

ಶಾಲೆಯ ಪುಸ್ತಕಗಳಲ್ಲಿ ಕತೆ ಇಲ್ಲಿಗೆ ನಿಲ್ಲುತ್ತದೆ. ನಿಲ್ಲಬಾರದು.

ಗಡಿ ಅಳಿದ ಮರುದಿನಗಳಲ್ಲಿ ಸೇಡಿನ ಸರದಿ ಬಂತು. ರಜಾಕಾರರು ಓಡಿಹೋದ ಹಳ್ಳಿಗಳಲ್ಲಿ ಬಂದೂಕು ಮುಟ್ಟದ ಮುಸ್ಲಿಂ ನೇಕಾರರು, ರೈತರು, ಅವರ ಹೆಂಗಸರು ಮಕ್ಕಳು ಬೆಲೆ ತೆತ್ತರು. ಪ್ರಧಾನಿ ನೆಹರೂ ಪಂಡಿತ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರರ ತಂಡವನ್ನು ಕಳಿಸಿದರು. ಆ ತಂಡ ಊರೂರು ತಿರುಗಿ, ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಅದು ಹೆಸರಿಸಿದ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವು: ಕಲಬುರಗಿ ಮತ್ತು ಬೀದರ್. ಉಳಿದೆರಡು ಉಸ್ಮಾನಾಬಾದ್ ಮತ್ತು ನಾಂದೇಡ. ಹಿಂದೂ ನೆರೆಯವರು ಮುಸ್ಲಿಂ ಕುಟುಂಬಗಳನ್ನು ಬಚ್ಚಿಟ್ಟು ಉಳಿಸಿದ್ದನ್ನೂ ಆ ವರದಿ ಬರೆದಿದೆ. ದಶಕಗಳ ಕಾಲ ಅದು ಬೆಳಕು ಕಾಣಲಿಲ್ಲ. ಗೋರಟಾವನ್ನು ನೆನೆಯುವ ಬಾಯಲ್ಲೇ ಈ ಸಾವುಗಳನ್ನೂ ಹೇಳದಿದ್ದರೆ ಆ ವರ್ಷದ ಚರಿತ್ರೆ ಅರ್ಧ ಮಾತ್ರ ಹೇಳಿದಂತೆ.

ದೇಶ ಹೋಯಿತು, ದೊರೆ ಉಳಿದ. ನಿಜಾಮ ಭಾರತದ ಸಂವಿಧಾನವನ್ನು ಒಪ್ಪಿ, 1950ರ ಜನವರಿ 26ರಿಂದ ಅದೇ ರಾಜ್ಯದ ರಾಜಪ್ರಮುಖನಾದ. ಹಾಲಿ ಸಿಕ್ಕಾ ಮೆಲ್ಲಮೆಲ್ಲನೆ ಸಂತೆಯಿಂದ ಮರೆಯಾಯಿತು. ಔರಂಗಾಬಾದಿನ ರೇಡಿಯೊ ನಿಲಯ ಆಕಾಶವಾಣಿಗೆ ಸೇರಿತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಭಾಷೆಗಳ ಪ್ರಕಾರ ಮೂರು ಪಾಲಾಯಿತು. ತೆಲಂಗಾಣ ಆಂಧ್ರಕ್ಕೆ, ಔರಂಗಾಬಾದಿನ ಸೀಮೆ ಮುಂಬಯಿಗೆ, ಕಲಬುರಗಿ, ಬೀದರ್, ರಾಯಚೂರು ಮೈಸೂರಿಗೆ. ಗೋದಾವರಿಯ ಎರಡು ದಡಗಳು ಒಂದೇ ರಾಜ್ಯದೊಳಗೆ ಬಂದದ್ದು ಅಂದು. ಒಂದು ವಿಷಯ ಮಾತ್ರ ಕಾಗದದ ಮೇಲೆ ಉಳಿಯಿತು: ನಿಜಾಮ ದೂರನ್ನು ಹಿಂದೆಗೆದುಕೊಂಡರೂ ‘ಹೈದರಾಬಾದ್ ಪ್ರಶ್ನೆ’ ಭದ್ರತಾ ಮಂಡಳಿಯ ಪಟ್ಟಿಯಲ್ಲಿ ದಶಕಗಳವರೆಗೆ ಹಾಗೆಯೇ ಇತ್ತು.

ಸಿಂದಗಿಯಲ್ಲಿ ಹುಟ್ಟಿದ ಸನ್ಯಾಸಿಯನ್ನು 1952ರಲ್ಲಿ ಕಲಬುರಗಿಯ ಮತದಾರರು ಲೋಕಸಭೆಗೆ ಕಳಿಸಿದರು, 1957ರಲ್ಲಿ ಔರಂಗಾಬಾದಿನ ಮತದಾರರು. ಕನ್ನಡದವರೂ ಮರಾಠಿಯವರೂ ತಮ್ಮವರೆಂದು ಆರಿಸಿದ ಅಂಥ ಇನ್ನೊಬ್ಬರನ್ನು ಹುಡುಕುವುದು ಕಷ್ಟ. ಆದರೂ ಇಂದು ಸೆಪ್ಟೆಂಬರ್ 17ರಂದು ಸಂಭಾಜಿನಗರದಲ್ಲಿ ಮರಾಠವಾಡ ಮುಕ್ತಿಸಂಗ್ರಾಮ ದಿನ ಬೇರೆ, ಕಲಬುರಗಿಯಲ್ಲಿ ಕಲ್ಯಾಣ ಕರ್ನಾಟಕ ಉತ್ಸವ ಬೇರೆ. ಒಂದು ಕಡೆಯ ಭಾಷಣದಲ್ಲಿ ಇನ್ನೊಂದು ಕಡೆಯ ಹೆಸರು ಬರುವುದು ಅಪರೂಪ.

ಆ 399 ದಿನಗಳನ್ನು ಹತ್ತು ವರ್ಷದ ಕಣ್ಣಲ್ಲಿ ನೋಡಿದವರಿಗೆ ಈಗ ಎಂಬತ್ತೈದು ದಾಟಿದೆ. ನಾಕಾದಲ್ಲಿ ಅಪ್ಪ ಏನು ಕೊಟ್ಟು ದಾಟಿಸಿದ, ಹಾಲಿ ರೂಪಾಯಿಯನ್ನು ಅವ್ವ ಎಲ್ಲಿ ಹೂತಿಟ್ಟಳು, ಯಾರ ಮನೆಯ ಅಟ್ಟದ ಮೇಲೆ ಯಾರು ಅಡಗಿದ್ದರು ಎಂಬುದು ಸರಕಾರಿ ಕಡತಗಳಲ್ಲಿಲ್ಲ, ಅವರ ನೆನಪಿನಲ್ಲಿದೆ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ, ಹಿಂದೂಗಳಿರಲಿ, ಮುಸ್ಲಿಮರಿರಲಿ, ಈ ವಾರವೇ ಅವರ ಪಕ್ಕ ಕೂತು ಕೇಳಿ, ಬರೆದಿಟ್ಟುಕೊಳ್ಳಿ.